ಏಳು ಮೋಲ್‌ಗಳು, ಐದು ಬೇರುಗಳು

ಕೆಲವು ವರ್ಷಗಳ ಹಿಂದೆ ಪದವಿಪೂರ್ವ ತರಗತಿಯೊಂದರಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದಾಗ ನಡೆದ ಸಂಗತಿಯಿದು. ಕರಿಹಲಗೆಯ ಮೇಲೆ ‘ಒಂದು ಮೋಲ್ ನೀರು = 18 ಗ್ರಾಂ’ ಎಂದು ಬರೆದು ನಾನು ಹಿಂದಿರುಗುವಷ್ಟರಲ್ಲಿ, ಕೊನೆಯ ಸಾಲಿನ ಹುಡುಗನೊಬ್ಬನು ಎದ್ದು ನಿಂತನು. “ಸಾರ್, ಹತ್ತನೆಯ ತರಗತಿಯ ಅರ್ಜಿಯಲ್ಲಿ ಗುರುತಿನ ಚಿಹ್ನೆ ಎಂಬ ಕಡೆ ‘ಎಡಗೆನ್ನೆಯ ಮೇಲೆ ಒಂದು ಮೋಲ್’ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದರು. ಆ ಮೋಲೂ ಈ ಮೋಲೂ ಒಂದೆಯೇ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಹುಡುಗನು ಕುಳಿತುಕೊಂಡನು. ವರ್ಷ ಮುಗಿಯುವವರೆಗೆ ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅಂದು ಸಂಜೆ ನಿಘಂಟನ್ನು ತೆರೆದು ನೋಡಿದಾಗ, ನಗಬೇಕಾದ ಪ್ರಶ್ನೆ ಅದಲ್ಲವೆಂಬುದು ನನಗೆ ಮನವರಿಕೆಯಾಯಿತು. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ‘ಮೋಲ್’ ಎಂಬುದು ಒಂದು ಶಬ್ದವಾಗಿ ಬರುವುದಿಲ್ಲ. ಒಂದನೆಯ ಮೋಲ್, ಎರಡನೆಯ ಮೋಲ್ ಎಂದು ಅಂಕಿ ಹಾಕಿ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಮಣ್ಣಿನೊಳಗೆ ಬಿಲ ತೋಡುವ ಪ್ರಾಣಿ ಮೋಲ್. ಶತ್ರುವಿನ ಕಚೇರಿಯಲ್ಲಿ ಸೇರಿಕೊಂಡ ಗೂಢಚಾರನು ಮೋಲ್. ಚರ್ಮದ ಮೇಲಿನ ಮಚ್ಚೆ ಮೋಲ್. ಸಮುದ್ರದ ಅಲೆಗಳನ್ನು ತಡೆಯುವ ಕಲ್ಲಿನ ಕಟ್ಟೆ ಮೋಲ್. ಅಣುಗಳನ್ನು ಎಣಿಸುವ ಮಾನ ಮೋಲ್. ಗರ್ಭಾಶಯದಲ್ಲಿ ಕೆಲವೊಮ್ಮೆ ಬೆಳೆಯುವ ವಿಕೃತ ಗಡ್ಡೆ ಮೋಲ್. ಮೆಕ್ಸಿಕೋ ದೇಶದ ಒಂದು ಬಗೆಯ ಗೊಜ್ಜಿನ ಹೆಸರನ್ನೂ ಇಂಗ್ಲಿಷಿನಲ್ಲಿ ಇದೇ ಅಕ್ಷರಗಳಿಂದ ಬರೆಯುತ್ತಾರೆ. ಅರ್ಥ ಏಳು, ಬೇರು ಐದು. ನಮ್ಮ ಮೊಲಕ್ಕೂ ಇವುಗಳಲ್ಲಿ ಯಾವುದಕ್ಕೂ ನಂಟಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಾಣಿಯಿಂದ ಆರಂಭಿಸೋಣ. ಯುರೋಪಿನ ಮೋಲ್ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು; ತೂಕ ಸುಮಾರು 100 ಗ್ರಾಂ. ನೋಡಿದವರು ಇಲಿಯೆಂದುಕೊಂಡಾರು, ಆದರೆ ಇದು ಇಲಿಯ ಜಾತಿಯದಲ್ಲ, ಮೂಗಿಲಿ ಮತ್ತು ಹೆಡ್ಜ್‌ಹಾಗ್‌ಗಳ ಬಳಗಕ್ಕೆ ಸೇರಿದ್ದು. ಧಾನ್ಯವನ್ನು ಮುಟ್ಟದೆ ಎರೆಹುಳುಗಳನ್ನು ತಿಂದು ಬದುಕುತ್ತದೆ. ಹುಳುವಿನ ತಲೆಯನ್ನು ಕಚ್ಚಿ, ಸಾಯದಂತೆ ಆದರೆ ಓಡಿಹೋಗದಂತೆ ಮಾಡಿ, ನೆಲದೊಳಗಿನ ಉಗ್ರಾಣದಲ್ಲಿ ನೂರಾರು ಹುಳುಗಳನ್ನು ಕೂಡಿಹಾಕುವ ಜಾಣ್ಮೆ ಇದಕ್ಕಿದೆ. ಮುಂಗಾಲುಗಳು ಸಲಿಕೆಯಂತೆ ಅಗಲ. ಐದು ಬೆರಳುಗಳು ಸಾಲದೆಂಬಂತೆ, ಮಣಿಕಟ್ಟಿನ ಒಂದು ಪುಟ್ಟ ಮೂಳೆಯು ಬೆಳೆದು ಆರನೆಯ ಬೆರಳಿನ ಕೆಲಸ ಮಾಡುತ್ತದೆ. ಮೈಮೇಲಿನ ಕೂದಲು ಮಖಮಲ್ಲಿನಂತೆ ನುಣುಪಾಗಿದ್ದು ಯಾವ ಕಡೆಗೆ ಬೇಕಾದರೂ ಬಾಗುತ್ತದೆ. ಆದುದರಿಂದ ಇಕ್ಕಟ್ಟಾದ ಬಿಲದಲ್ಲಿ ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಸರಿಯಬಲ್ಲದು. ಕುರುಡೆಂಬ ಅಪವಾದ ಇದರ ಮೇಲಿದೆ. ಕೂದಲಿನಲ್ಲಿ ಹುದುಗಿರುವ ಸಾಸಿವೆ ಕಾಳಿನಂಥ ಕಣ್ಣುಗಳು ಬೆಳಕನ್ನೂ ಕತ್ತಲನ್ನೂ ಬೇರ್ಪಡಿಸಬಲ್ಲವು. ಬಿಲದಲ್ಲಿ ಬಾಳುವ ಪ್ರಾಣಿಗೆ ಅಷ್ಟು ಸಾಕು.

ಉತ್ತರ ಅಮೆರಿಕದ ನಕ್ಷತ್ರಮೂಗಿನ ಮೋಲ್ ಇನ್ನೂ ವಿಚಿತ್ರವಾದುದು. ಅದರ ಮೂಗಿನ ಸುತ್ತ 22 ಮಾಂಸಲವಾದ ಎಸಳುಗಳಿವೆ. ಅವುಗಳ ಮೇಲೆ 25,000ಕ್ಕೂ ಮಿಕ್ಕಿದ ಸ್ಪರ್ಶಾಂಗಗಳಿವೆ. ಈ ಮೂಗಿನಿಂದ ನೆಲವನ್ನು ತಟ್ಟುತ್ತ ಹೋಗುವ ಅದು, ಸಿಕ್ಕಿದ ವಸ್ತುವು ಆಹಾರವೋ ಅಲ್ಲವೋ ಎಂಬುದನ್ನು ನಿರ್ಧರಿಸಿ, ನುಂಗಿ ಮುಗಿಸಲು ಕಾಲು ಸೆಕೆಂಡಿಗಿಂತ ಹೆಚ್ಚು ಹೊತ್ತನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಇಂಗ್ಲೆಂಡಿನ ಜನರು ಹಿಂದೆ ಈ ಪ್ರಾಣಿಯನ್ನು ‘ಮೋಲ್ಡ್‌ವಾರ್ಪ್’ ಎನ್ನುತ್ತಿದ್ದರು. ಮೋಲ್ಡ್ ಎಂದರೆ ಮಣ್ಣು, ವಾರ್ಪ್ ಎಂದರೆ ಎಸೆಯುವುದು; ಮಣ್ಣೆಸೆಯುವ ಪ್ರಾಣಿ ಎಂದರ್ಥ. ಜರ್ಮನರಲ್ಲಿಯೂ ಇದೇ ಹೆಸರಿತ್ತು. ಆದರೆ ಮಣ್ಣು ಎಂಬ ಅರ್ಥದ ಹಳೆಯ ಶಬ್ದವನ್ನು ಜನರು ಮರೆತಮೇಲೆ, ಅದರ ಜಾಗದಲ್ಲಿ ಬಾಯಿ ಎಂಬ ಅರ್ಥದ ‘ಮೌಲ್’ ಬಂದು ಕುಳಿತು, ಇಂದಿನ ಜರ್ಮನ್ ಭಾಷೆಯಲ್ಲಿ ಪಾಪದ ಪ್ರಾಣಿಯು ‘ಮೌಲ್‌ವುರ್ಫ್’, ಅಂದರೆ ಬಾಯಿಂದ ಎಸೆಯುವುದು, ಎನಿಸಿಕೊಂಡಿದೆ. ಎಸೆಯುವುದು ಕಾಲಿನಿಂದಲೇ ಎಂಬುದನ್ನು ಅದರ ಪರವಾಗಿ ಹೇಳಬೇಕು. ಇಂಗ್ಲಿಷಿನ ಈಗಿನ ಚಿಕ್ಕ ಹೆಸರಾದ ‘ಮೋಲ್’ ಡಚ್ಚರ ನುಡಿಯ ‘ಮೊಲ್’ ಎಂಬುದಕ್ಕೆ ಹತ್ತಿರದ ಶಬ್ದ.

ಬಿಲ ತೋಡುವಾಗ ಮಣ್ಣು ಹೊರಗೆ ಗುಪ್ಪೆಯಾಗಿ ಬೀಳುತ್ತದೆ. ಕಡ್ಡಿಯನ್ನು ಗುಡ್ಡ ಮಾಡುವುದು ಎಂದು ನಾವು ಹೇಳುವ ಕಡೆ, ಮೋಲಿನ ಗುಪ್ಪೆಯನ್ನು ಬೆಟ್ಟ ಮಾಡುವುದು ಎನ್ನುತ್ತಾರೆ ಇಂಗ್ಲಿಷರು. ಆದರೆ ಒಂದು ಸಲ ಆ ಗುಪ್ಪೆ ನಿಜವಾಗಿಯೂ ಬೆಟ್ಟದಷ್ಟಾಯಿತು. 1702ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಮ್ಮನು ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡನು. ಮುಂದೆ ಜ್ವರ, ಶ್ವಾಸಕೋಶದ ಬೇನೆ ತಗುಲಿ ಮಾರ್ಚ್ 8ರಂದು ತೀರಿಕೊಂಡನು. ಕುದುರೆ ಎಡವಿದ್ದು ಮೋಲಿನ ಗುಪ್ಪೆಯನ್ನೆಂದು ಪ್ರತೀತಿ. ಅವನ ವಿರೋಧಿಗಳಾದ ಜಾಕೊಬೈಟರು ಅಂದಿನಿಂದ ಮದ್ಯದ ಬಟ್ಟಲನ್ನೆತ್ತುವಾಗಲೆಲ್ಲ ‘ಕಪ್ಪು ಮಖಮಲ್ಲಿನ ಪುಟ್ಟ ಮಹಾಶಯ’ನಿಗೆ ಶುಭ ಕೋರುತ್ತಿದ್ದರಂತೆ!

ಗೂಢಚಾರನಿಗೆ ಈ ಹೆಸರು ಬಂದುದು ಇದೇ ಪ್ರಾಣಿಯಿಂದ. ನೆಲದಡಿಯಲ್ಲಿ ಕಾಣದಂತೆ ಕೊರೆಯುವವನು ಎಂಬ ಹೋಲಿಕೆ ಹಳೆಯದೇ. ಫ್ರಾನ್ಸಿಸ್ ಬೇಕನ್ 1622ರಲ್ಲಿ ಪ್ರಕಟವಾದ ಏಳನೆಯ ಹೆನ್ರಿಯ ಚರಿತ್ರೆಯಲ್ಲಿ ಅದನ್ನು ಬಳಸಿದ್ದಾನೆ. ಆದರೆ ಅದು ಮನೆಮಾತಾದುದು 1974ರಲ್ಲಿ ಜಾನ್ ಲೆ ಕಾರೆಯ ಒಂದು ಕಾದಂಬರಿ ಹೊರಬಂದಮೇಲೆ. ಇದಕ್ಕಿಂತ ಹೆಚ್ಚಿನ ವಿಶೇಷ ಇದರಲ್ಲಿಲ್ಲ.

ನಮ್ಮ ನಾಡಿನಲ್ಲಿ ಈ ಪ್ರಾಣಿಯಿಲ್ಲ. ಭಾರತದಲ್ಲಿ ನಿಜವಾದ ಮೋಲ್ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಗುಡ್ಡಗಾಡುಗಳಲ್ಲಿದೆಯೇ ಹೊರತು ದಕ್ಷಿಣಕ್ಕೆ ಇಳಿದಿಲ್ಲ. ನಮ್ಮ ಹೊಲಗದ್ದೆಗಳಲ್ಲಿ ಬಿಲ ತೋಡುವ ಹೆಗ್ಗಣವು ಇಲಿಯ ಜಾತಿಯದು. ಆದರೆ ಒದ್ದೆ ಮಣ್ಣನ್ನು ಕೊರೆಯುವ ಒಂದು ಬಗೆಯ ಜೀರುಂಡೆ ನಮ್ಮಲ್ಲಿದೆ. ಅದರ ಮುಂಗಾಲುಗಳನ್ನು ಕೈಮಸೂರದ ಕೆಳಗೆ ನೋಡಿದರೆ ಮೋಲಿನ ಅಂಗೈಯೇ ಕಂಡಂತಾಗುತ್ತದೆ. ಪ್ರಾಣಿಶಾಸ್ತ್ರಜ್ಞರು ಅದನ್ನು ಮೋಲ್ ಜೀರುಂಡೆ ಎಂದೇ ಕರೆಯುತ್ತಾರೆ. ಆಫ್ರಿಕದ ಚಿನ್ನದ ಮೋಲ್ ಆನೆಯ ದೂರದ ನಂಟ. ಆಸ್ಟ್ರೇಲಿಯದ ಮೋಲ್ ಕಾಂಗರೂವಿನಂತೆ ಹೊಟ್ಟೆಚೀಲವುಳ್ಳದ್ದು. ಇವೆರಡಕ್ಕೂ ಯುರೋಪಿನ ಮೋಲಿಗೂ ರಕ್ತಸಂಬಂಧವಿಲ್ಲವೆಂದೇ ಹೇಳಬೇಕು. ಆದರೂ ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ತೋರುತ್ತವೆ. ಮಣ್ಣನ್ನು ಅಗೆಯುವ ಕಸುಬೊಂದೇ ಬೇರೆ ಬೇರೆ ವಂಶಗಳ ಪ್ರಾಣಿಗಳನ್ನು ಒಂದೇ ಅಚ್ಚಿನಲ್ಲಿ ಎರೆದಿದೆ.

ಶಬ್ದಗಳಲ್ಲಿಯೂ ಹೀಗಾಗುತ್ತದೆ, ಎರಡನೆಯ ಮೋಲ್ ಅದಕ್ಕೆ ಒಳ್ಳೆಯ ನಿದರ್ಶನ. ಮಚ್ಚೆಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು ‘ಮಾಲ್’. ಅದು ಮೊದಲು ಬಟ್ಟೆಯ ಮೇಲಿನ ಕಲೆಗೆ ಸಲ್ಲುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಹುಟ್ಟುಮಚ್ಚೆಯ ಹೆಸರಿನಲ್ಲಿ ‘ಮಾಲ್’ ಉಳಿದಿದೆ. ಸುಮಾರು 800 ವರ್ಷಗಳ ಹಿಂದೆ ದಕ್ಷಿಣ ಇಂಗ್ಲೆಂಡಿನ ಜನರ ಬಾಯಲ್ಲಿ ಹಳೆಯ ‘ಆ’ಕಾರವು ‘ಓ’ಕಾರದ ಕಡೆಗೆ ತಿರುಗಿತು. ‘ಸ್ಟಾನ್’ ಎಂಬ ಕಲ್ಲು ‘ಸ್ಟೋನ್’ ಆಯಿತು, ‘ಬಾನ್’ ಎಂಬ ಮೂಳೆ ‘ಬೋನ್’ ಆಯಿತು, ‘ಹಾಮ್’ ಎಂಬ ಮನೆ ‘ಹೋಮ್’ ಆಯಿತು. ಅದೇ ಪ್ರವಾಹದಲ್ಲಿ ‘ಮಾಲ್’ ಕೂಡ ‘ಮೋಲ್’ ಆಗಿ, ಬಿಲದ ಪ್ರಾಣಿಯ ಪಕ್ಕಕ್ಕೆ ಬಂದು ನಿಂತಿತು. ಷೇಕ್ಸ್‌ಪಿಯರನ ಕಾಲಕ್ಕೆ ಇಬ್ಬರೂ ಒಂದೇ ವೇಷ ತೊಟ್ಟಿದ್ದರು. ‘ಹ್ಯಾಮ್ಲೆಟ್’ ನಾಟಕದ ಮೊದಲನೆಯ ಅಂಕವೊಂದರಲ್ಲಿಯೇ, ಒಂದು ದೃಶ್ಯದಲ್ಲಿ ಮೋಲ್ ಎಂದರೆ ಮನುಷ್ಯಸ್ವಭಾವದ ಕಲೆ, ಮುಂದಿನ ದೃಶ್ಯದಲ್ಲಿ ನೆಲದಡಿಯಿಂದ ಕೂಗುವ ಭೂತಕ್ಕೆ ಇಟ್ಟ ಹೆಸರು.

ಇದು ಇಂಗ್ಲಿಷಿಗೆ ಮಾತ್ರ ಬಂದ ಪಾಡಲ್ಲ. ಹೊಲದಲ್ಲಿ ಕೀಳುವ ಕಳೆ ಅಚ್ಚ ದ್ರಾವಿಡ ಶಬ್ದ. ಮುಖದಲ್ಲಿ ಹೊಳೆಯುವ ಕಳೆ ಸಂಸ್ಕೃತದ ‘ಕಲಾ’ ಎಂಬುದರ ತದ್ಭವ. ಎಲ್ಲೆಲ್ಲಿಂದಲೋ ಬಂದ ಇವೆರಡನ್ನು ಇಂದು ಕಿವಿ ಬೇರ್ಪಡಿಸಲಾರದು.

ಮಚ್ಚೆಯ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಬಾರದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಇವು ನಿರಪಾಯವಾದುವು. ಎಲ್ಲೋ ಒಂದು, ಮೆಲನೋಮ ಎಂಬ ಉಗ್ರವಾದ ಕ್ಯಾನ್ಸರ್ ಆಗಿ ಪರಿಣಮಿಸಬಹುದು. ಮಚ್ಚೆಯ ಒಂದು ಪಕ್ಕವು ಇನ್ನೊಂದರಂತಿಲ್ಲದಿದ್ದರೆ, ಅಂಚು ಹರಿದ ಕಾಗದದಂತಿದ್ದರೆ, ಹಲವು ಬಣ್ಣಗಳು ಬೆರೆತಿದ್ದರೆ, ಅಡ್ಡಳತೆ 6 ಮಿಲಿಮೀಟರನ್ನು ಮೀರಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಬದಲಾಗುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಈ ರೋಗ ವಿರಳ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿ ಇಂಥ ನಾವು ನೋಡದ ಕಡೆಗಳಲ್ಲಿಯೇ ಬರುವುದು ಹೆಚ್ಚು. ಕೆನ್ನೆಯ ಮಚ್ಚೆಯನ್ನು ಅರ್ಜಿಗಾಗಿ ಹುಡುಕುವ ನಾವು ಅಂಗಾಲಿನ ಕಲೆಯನ್ನು ವರ್ಷಗಟ್ಟಲೆ ಗಮನಿಸುವುದಿಲ್ಲ.

ಇನ್ನು ಸಮುದ್ರದ ಕಟ್ಟೆ. ಲ್ಯಾಟಿನ್ ಭಾಷೆಯಲ್ಲಿ ‘ಮೋಲೇಸ್’ ಎಂದರೆ ಭಾರಿ ರಾಶಿ, ದೊಡ್ಡ ಕಟ್ಟಡ. ರೋಮಿನ ಚಕ್ರವರ್ತಿ ಹೇಡ್ರಿಯನ್ನನ ಬೃಹತ್ ಸಮಾಧಿಗೆ ಈ ಹೆಸರಿತ್ತು. ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಬಂದರಿನ ಕಲ್ಲುಕಟ್ಟೆಯ ಹೆಸರಾಯಿತು. ಕ್ರಿಸ್ತಪೂರ್ವ 332ರಲ್ಲಿ ಅಲೆಕ್ಸಾಂಡರನು ಟೈರ್ ಎಂಬ ದ್ವೀಪನಗರವನ್ನು ಮುತ್ತಿದಾಗ ದಡದಿಂದ ದ್ವೀಪದವರೆಗೆ, ಸುಮಾರು 800 ಮೀಟರ್ ದೂರ, ಕಲ್ಲುಮಣ್ಣು ಸುರಿಸಿ ಇಂಥ ಕಟ್ಟೆಯೊಂದನ್ನು ಕಟ್ಟಿಸಿದನು. ನಗರ ಬಿದ್ದಿತು, ಕಟ್ಟೆ ಮಾತ್ರ ಬೀಳಲಿಲ್ಲ. ಅದರ ಇಕ್ಕೆಲಗಳಲ್ಲಿ ಅಲೆಗಳು ಮರಳನ್ನು ತಂದು ತುಂಬಿದುವು; ಇಂದು ಲೆಬನಾನಿನಲ್ಲಿರುವ ಆ ಊರು ದ್ವೀಪವಲ್ಲ, ಪರ್ಯಾಯದ್ವೀಪ. 1940ರಲ್ಲಿ ಡನ್‌ಕರ್ಕ್‌ನಿಂದ ಪಾರಾದ ಸುಮಾರು 3,38,000 ಸೈನಿಕರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿದುದು ಬಂದರಿನಿಂದ, ಮುಖ್ಯವಾಗಿ ಅದರ ಪೂರ್ವದ ಮೋಲ್‌ನಿಂದ. ಈ ಕಥೆಯನ್ನು ಹೇಳುವ 2017ರ ಚಲನಚಿತ್ರದ ಆರಂಭದಲ್ಲಿ ತೆರೆಯ ಮೇಲೆ ‘ಮೋಲ್’ ಎಂಬ ಅಕ್ಷರಗಳು ಮೂಡಿದಾಗ, ಗೂಢಚಾರನೊಬ್ಬನಿಗಾಗಿ ಕೊನೆಯವರೆಗೂ ಕಾದು ಕುಳಿತ ಪ್ರೇಕ್ಷಕರಲ್ಲಿ ನಾನೂ ಒಬ್ಬ.

ನಮ್ಮ ರಸಾಯನಶಾಸ್ತ್ರದ ಮೋಲ್ ಹುಟ್ಟಿದುದು ಈ ಬಂಡೆರಾಶಿಯ ವಂಶದಲ್ಲಿ. ಅದರ ವೃತ್ತಾಂತ ಸ್ವಾರಸ್ಯವಾದುದು. 17ನೆಯ ಶತಮಾನದ ವಿದ್ವಾಂಸರಿಗೆ ಪದಾರ್ಥದ ಅತಿ ಸೂಕ್ಷ್ಮವಾದ ಕಣಕ್ಕೆ ಒಂದು ಹೆಸರು ಬೇಕಾಯಿತು. ಅವರು ‘ಮೋಲೇಸ್’ ಎಂಬುದಕ್ಕೆ ಚಿಕ್ಕದೆಂಬ ಅರ್ಥದ ಬಾಲವನ್ನು ಹಚ್ಚಿ ‘ಮೊಲೆಕ್ಯುಲ’ ಎಂದರು. ಅಂದರೆ ಪುಟ್ಟ ರಾಶಿ. ಇದೇ ಇಂದಿನ ಮಾಲಿಕ್ಯೂಲ್, ನಮ್ಮ ಅಣು. 1811ರಲ್ಲಿ ಇಟಲಿಯ ಅವೊಗಾಡ್ರೋ, ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆಂದು ಸಾರಿದನು. ಆ ಸಂಖ್ಯೆ ಎಷ್ಟೆಂಬುದು ಅವನಿಗೆ ತಿಳಿದಿರಲಿಲ್ಲ. ಅಣುವಿನ ಗಾತ್ರವನ್ನು ಮೊದಲು ಅಂದಾಜು ಮಾಡಿದವನು ವಿಯೆನ್ನಾದ ಲೋಷ್ಮಿಟ್, 1865ರಲ್ಲಿ.

1890ರ ದಶಕದಲ್ಲಿ ಲೈಪ್‌ಸಿಗ್ ನಗರದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡನು, ಒಂದು ವಸ್ತುವಿನ ಅಣುತೂಕದಷ್ಟು ಗ್ರಾಂ ಪ್ರಮಾಣಕ್ಕೆ ಚುಟುಕಾಗಿ ‘ಮೋಲ್’ ಎಂಬ ಹೆಸರನ್ನು ಬಳಕೆಗೆ ತಂದನು. ಮೊಲೆಕ್ಯುಲದ ಬಾಲವನ್ನು ಕತ್ತರಿಸಿದ್ದರಿಂದ ಪುಟ್ಟ ರಾಶಿಯು ಮತ್ತೆ ರಾಶಿಯೇ ಆಯಿತು. ಇದರಲ್ಲಿ ಇನ್ನೊಂದು ತಮಾಷೆಯಿದೆ. ಹೆಸರಿಟ್ಟ ಓಸ್ಟ್‌ವಾಲ್ಡನಿಗೆ ಪರಮಾಣುಗಳಲ್ಲಿಯಾಗಲಿ ಅಣುಗಳಲ್ಲಿಯಾಗಲಿ ಆಗ ನಂಬಿಕೆಯಿರಲಿಲ್ಲ! ಅವು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಗಳೆಂದು ಅವನ ಮತ. ಅವನಿಗೆ ಮೋಲ್ ಒಂದು ತೂಕವಾಗಿತ್ತೇ ಹೊರತು ಎಣಿಕೆಯಾಗಿರಲಿಲ್ಲ. ಜ್ಯಾನ್ ಪೆರಾನ್ ಮೊದಲಾದವರ ಪ್ರಯೋಗಗಳನ್ನು ಕಂಡು, 1909ರ ಹೊತ್ತಿಗೆ ಅವನು ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಂಡು ಬಹಿರಂಗವಾಗಿ ಒಪ್ಪಿಕೊಂಡನು. ಅದೇ ವರ್ಷ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಪೆರಾನನು ಆ ಮಹಾಸಂಖ್ಯೆಗೆ ಅವೊಗಾಡ್ರೋವಿನ ಹೆಸರನ್ನು ಸೂಚಿಸಿದನು.

1971ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ಮೋಲನ್ನು ಏಳನೆಯ ಮೂಲಮಾನವಾಗಿ ಸ್ವೀಕರಿಸಿತು. 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು, ಎಂಬುದು ಆಗಿನ ನಿರೂಪಣೆ. 2019ರ ಮೇ 20ರಿಂದ ತೂಕದ ಹಂಗು ಕಳಚಿತು. ಒಂದು ಮೋಲ್ ಎಂದರೆ ಕಟ್ಟುನಿಟ್ಟಾಗಿ 6.02214076 × 10²³ ಕಣಗಳು. ಡಜನ್ ಎಂದರೆ ಹನ್ನೆರಡು ಎಂಬಂತೆ. ಓಸ್ಟ್‌ವಾಲ್ಡನ ತೂಕವು ಕೊನೆಗೂ ಎಣಿಕೆಯಾಯಿತು.

ಈ ಸಂಖ್ಯೆಯ ಅಗಾಧತೆಯನ್ನು ತಿಳಿಯಲು ನಮ್ಮ ರಾಗಿಯನ್ನು ತೆಗೆದುಕೊಳ್ಳೋಣ. ಒಂದು ಗ್ರಾಂ ರಾಗಿಯಲ್ಲಿ ಸುಮಾರು 400 ಕಾಳುಗಳಿರುತ್ತವೆ. ಒಂದು ಮೋಲ್ ರಾಗಿಕಾಳನ್ನು ಕರ್ನಾಟಕದ 1,91,791 ಚದರ ಕಿಲೋಮೀಟರ್ ನೆಲದ ಮೇಲೆಲ್ಲ ಸಮನಾಗಿ ಹರಡಿದರೆ, ರಾಶಿಯ ಎತ್ತರ ಸುಮಾರು 10 ಕಿಲೋಮೀಟರ್ ಆಗುತ್ತದೆ. ಎವರೆಸ್ಟ್ ಶಿಖರವನ್ನು ತಂದು ಬೀದರಿನಲ್ಲಿಟ್ಟರೂ ಅದು ರಾಗಿಯಲ್ಲಿ ಮುಳುಗಿಹೋದೀತು. ಒಂದು ಮೋಲ್ ನೀರಿನ ಅಣುಗಳಾದರೋ ನಾಲ್ಕು ಚಹಾಚಮಚದೊಳಗೆ ಅಡಗುತ್ತವೆ. ಅಣು ಎಷ್ಟು ಸಣ್ಣದೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವೆಂದು ಯಾರಾದರೂ ಭಾವಿಸಿದರೆ ನನ್ನ ಬಂಧುಗಳೊಬ್ಬರ ಕಥೆಯನ್ನು ಕೇಳಬೇಕು. ಮಧುಮೇಹವಿದ್ದ ಅವರು ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋದರು. ಅಲ್ಲಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆಯಾಯಿತು. ಸಕ್ಕರೆ ‘7’ ಎಂದು ಬಂದಿತು. ಊರಿನಲ್ಲಿ 120, 130 ನೋಡಿ ಅಭ್ಯಾಸವಾಗಿದ್ದ ಅವರಿಗೆ ಹಿಗ್ಗೋ ಹಿಗ್ಗು. ರೋಗವೇ ಹೋಯಿತೆಂದು ಮೈಸೂರುಪಾಕಿನ ಡಬ್ಬಿಗೆ ಕೈಹಾಕಿದರು. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೂಕದಲ್ಲಿ ಹೇಳುತ್ತಾರೆ; ಇಂಗ್ಲೆಂಡಿನಲ್ಲಿ ಒಂದು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಎಣಿಕೆಯಲ್ಲಿ ಹೇಳುತ್ತಾರೆ. ಗ್ಲೂಕೋಸಿನ ಒಂದು ಮೋಲ್ ತೂಗುವುದು 180 ಗ್ರಾಂ. ಆದುದರಿಂದ ಒಂದು ಮಿಲಿಮೋಲ್ 180 ಮಿಲಿಗ್ರಾಂ. ಅದು ಒಂದು ಲೀಟರಿಗೆ. ಲೀಟರಿನ ಹತ್ತನೆಯ ಒಂದು ಪಾಲಾದ ಡೆಸಿಲೀಟರಿಗೆ 18. ಏಳನ್ನು ಹದಿನೆಂಟರಿಂದ ಗುಣಿಸಿದರೆ 126. ಬರಿಹೊಟ್ಟೆಯಲ್ಲಿ ಮಧುಮೇಹವನ್ನು ನಿರ್ಧರಿಸುವ ಗಡಿರೇಖೆಯೇ ಅದು. ಮಗಳು ಡಬ್ಬಿಯನ್ನು ಎತ್ತಿಟ್ಟಳು.

ಇಲ್ಲಿ ಇನ್ನೊಂದು ಬಲೆಯಿದೆ. ಮೋಲ್‌ನಿಂದ ‘ಮೋಲಾರ್’ ದ್ರಾವಣ ಬಂದಿತು. ಆದರೆ ದಂತವೈದ್ಯರು ‘ಮೋಲಾರ್’ ಎನ್ನುವ ದವಡೆಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಹಲ್ಲಿನ ಹೆಸರು ಲ್ಯಾಟಿನ್ನಿನ ‘ಮೊಲ’, ಎಂದರೆ ಬೀಸುವಕಲ್ಲು, ಎಂಬುದರಿಂದ ಬಂದುದು. ಬೀಸುವಕಲ್ಲಿನಂತೆ ದುಂಡಗಿರುವ ಒಂದು ದೈತ್ಯಮೀನಿಗೂ ಮೊಲ ಎಂಬುದೇ ಶಾಸ್ತ್ರೀಯ ನಾಮ. ಮೋಲ್ಡ್‌ವಾರ್ಪಿನಲ್ಲಿ ಕಂಡ ಮಣ್ಣೆಂಬ ಶಬ್ದವೂ ಬಹು ಹಿಂದೆ, ಪುಡಿಯಾದದ್ದು ಎಂಬ ಅರ್ಥದಲ್ಲಿ, ಬೀಸು ಎಂಬ ಇದೇ ಮೂಲಧಾತುವಿನಿಂದ ಹೊರಟದ್ದು.

ವೈದ್ಯರ ಮೋಲ್ ಈ ಬೀಸುವಕಲ್ಲಿನದು. ಗರ್ಭ ನಿಂತಂತೆ ತೋರಿ, ಶಿಶುವಿಲ್ಲದೆ, ಮಾಸುವಿನ ಅಂಶವು ನೀರ್ಗುಳ್ಳೆಗಳ ಗೊಂಚಲಾಗಿ ಬೆಳೆಯುವುದುಂಟು. ಗ್ರೀಕರ ಕಾಲದಿಂದಲೂ ಇಂಥ ಗಡ್ಡೆಗೆ ಬೀಸುವಕಲ್ಲು ಎಂದೇ ಹೆಸರು. ಇದಕ್ಕೆ ದೃಷ್ಟಿ, ಶಾಪ, ಹೆಂಗಸಿನ ತಪ್ಪು ಎಂದು ಏನೇನೋ ಕಾರಣಗಳನ್ನು ಜನ ಹೇಳಿದ್ದಾರೆ. ನಿಜಸ್ಥಿತಿ 1977ರಲ್ಲಿ ಬೆಳಕಿಗೆ ಬಂದಿತು. ಪೂರ್ಣ ಮೋಲಿನಲ್ಲಿ ತಾಯಿಯ ವರ್ಣತಂತುಗಳೇ ಇರುವುದಿಲ್ಲ. ನ್ಯೂಕ್ಲಿಯಸ್ಸಿನ 46 ತಂತುಗಳೂ ತಂದೆಯವು. ಬರಿದಾದ ಅಂಡದೊಳಕ್ಕೆ ಹೊಕ್ಕ ವೀರ್ಯಾಣುವಿನ ತಂತುಗಳು ಇಮ್ಮಡಿಯಾಗುವುದರಿಂದಲೋ, ಎರಡು ವೀರ್ಯಾಣುಗಳು ಹೊಗುವುದರಿಂದಲೋ ಹೀಗಾಗುತ್ತದೆ. ಇದು ಯಾರ ತಪ್ಪೂ ಅಲ್ಲ. ಗಡ್ಡೆಯನ್ನು ತೆಗೆದಮೇಲೆ ಕೆಲವು ತಿಂಗಳು ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಏಕೆಂದರೆ ಕೆಲವರಲ್ಲಿ ಅಂಶ ಉಳಿದು ಕ್ಯಾನ್ಸರಿಗೆ ತಿರುಗಬಹುದು. ಈ ಕ್ಯಾನ್ಸರ್ ಒಂದು ಕಾಲದಲ್ಲಿ ಮರಣಶಾಸನವೇ ಆಗಿತ್ತು. 1956ರಲ್ಲಿ ಅಮೆರಿಕದ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಎಂಬ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಔಷಧದಿಂದ ಶ್ವಾಸಕೋಶಕ್ಕೆ ಹರಡಿದ್ದ ಗಡ್ಡೆಗಳನ್ನೂ ಕರಗಿಸಿದುದನ್ನು ಪ್ರಕಟಿಸಿದರು. ಇಂದು ಇದು ಗುಣವಾಗುವ ಕ್ಯಾನ್ಸರುಗಳ ಸಾಲಿನಲ್ಲಿ ಮೊದಲಿನದು.

ಉಳಿದದ್ದು ಗೊಜ್ಜು. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಲ್ಲಿ ‘ಮೋಲ್ಲಿ’ ಎಂದರೆ ಗೊಜ್ಜು. ಸ್ಪೇನಿನವರು ಅದನ್ನು ‘ಮೋಲೆ’ ಎಂದರು. ಇಂಗ್ಲಿಷರು ಬರೆದಾಗ ಮಚ್ಚೆಯ ಮೋಲಿಗೂ ಅದಕ್ಕೂ ಅಕ್ಷರಭೇದವಿಲ್ಲ. ಉಚ್ಚಾರಣೆ ಮಾತ್ರ ಬೇರೆ. ಅವೊಕಾಡೋ, ಅಂದರೆ ಕೊಡಗಿನಲ್ಲಿ ಬೆಳೆಯುವ ನಮ್ಮ ಬೆಣ್ಣೆಹಣ್ಣು, ಇದರಿಂದ ಮಾಡಿದ ಗ್ವಾಕಮೋಲೆಯ ಬಾಲದಲ್ಲಿರುವುದೂ ಈ ಗೊಜ್ಜೇ. ಆ ನಾಡಿನವರು ಮೆಣಸಿನಕಾಯಿಯನ್ನು ಅರೆಯುವ ಕಲ್ಲಿನ ಒರಳಿಗೆ ‘ಮೋಲ್ಕಹೇತೆ’ ಎಂದು ಹೆಸರು. ಕಲ್ಲು, ಅರೆಯುವುದು, ಮೋಲ್ ಎಂದೊಡನೆ ಲ್ಯಾಟಿನ್ನಿನ ಬೀಸುವಕಲ್ಲನ್ನು ಅಲ್ಲಿಗೆ ಎಳೆದು ತರಬೇಕೆನಿಸುತ್ತದೆ. ನಾನೂ ಎಳೆದು ತಂದಿದ್ದೆ. ಆದರೆ ಆ ಶಬ್ದ ಅಚ್ಚ ನಾವಾಟ್ಲ್. ‘ಮೋಲ್ಲಿ’ ಎಂದರೆ ಗೊಜ್ಜು, ‘ಕಶಿತ್ಲ್’ ಎಂದರೆ ಬಟ್ಟಲು.

ಈಗ ಪ್ರತಿ ವರ್ಷವೂ ಈ ಪಾಠ ಬಂದ ದಿನ ಕರಿಹಲಗೆಯ ಮೇಲೆ ಮೊದಲು ಒಂದು ಕೆನ್ನೆಯನ್ನೂ ಒಂದು ಬಿಲವನ್ನೂ ಒಂದು ಕಲ್ಲುಕಟ್ಟೆಯನ್ನೂ ಬಿಡಿಸಿ, ಆಮೇಲೆ 18 ಗ್ರಾಂ ನೀರಿಗೆ ಬರುತ್ತೇನೆ. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು.